ಬಡವರ ಪಾರ್ಟು

ಗೋಣಿಚೀಲದ ಅಂಗಿ ಮೈಗೆ ಚುಚ್ಚುತ್ತಿತ್ತು. ಧರ್ಮಪಾಲ ಕೆರೆದುಕೊಳ್ಳುತ್ತಲೇ ಹೆಂಡತಿಯ ಕೆನ್ನೆಗೆ ಮಸಿ ಹಚ್ಚಿದ. ದುಬೈಯ ಒಂದು ಶಾಲೆಯ ಸಭಾಂಗಣ, ವೇದಿಕೆಯ ಹಿಂದಿನ ಕೋಣೆ. ಅಂದು ಕರಾವಳಿಯವರ ಸಂಘದ ನಾಟಕವಿತ್ತು. ಹದಿನಾರನೇ ಶತಮಾನದ ಕಥೆ: ಒಬ್ಬ ಅರಸು, ಅವನ ಕಂದಾಯ, ಗಂಜಿಗೂ ಗತಿಯಿಲ್ಲದ ಒಕ್ಕಲು.

ಅರಸನ ಪಾರ್ಟು ರಿತೇಶನದು. ಜೆಬೆಲ್ ಅಲಿಯಲ್ಲಿ ಅವನ ಗೋದಾಮು. ಸಂಘಕ್ಕೂ ಅವನೇ ಅಧ್ಯಕ್ಷ. ಒಕ್ಕಲಿನ ಪಾರ್ಟಿಗೆ ಸಂಘದಲ್ಲಿ ಯಾರೂ ಒಪ್ಪಲಿಲ್ಲ. ಹರಕು ಬಟ್ಟೆಯಲ್ಲಿ ಮಕ್ಕಳ ಫೋಟೋ ಬೇಡ ಎಂದರು. ಆಗ ರಿತೇಶ್ ಗೋದಾಮಿನ ಆಳುಗಳನ್ನು ಬಸ್ಸಿನಲ್ಲಿ ಕರೆಸಿದ.

"ನಿಮಗೆ ಮೇಕಪ್ಪೇ ಬೇಡ ಮಾರಾಯ್ರೆ," ಎಂದು ನಕ್ಕಿದ್ದ.

ಧರ್ಮಪಾಲ ಒಪ್ಪಿದ್ದು ಹೆಂಡತಿ ರಾಜೀವಿಗಾಗಿ. ಅವನ ವಾಸ ಗೋದಾಮಿನ ಆಳುಗಳ ಕ್ಯಾಂಪಿನಲ್ಲಿ. ಅವಳು ಅಲ್ ಬರ್ಷಾದಲ್ಲಿ ರಿತೇಶನ ಮನೆಗೆಲಸಕ್ಕೆ. ಒಂದೇ ಊರಲ್ಲಿದ್ದೂ ಗಂಡ ಹೆಂಡತಿ ಸೇರುವುದು ಅಪರೂಪ. ಅವಳನ್ನು ಹೊರಗೆ ಬಿಡಲು ರಿತೇಶನ ಹೆಂಡತಿ ಯಶ್ಮಿತಾಗೆ ಸದಾ ಅನುಮಾನ. ಎಲ್ಲಿಗೆ, ಯಾರ ಜೊತೆ, ಕೈಚೀಲದಲ್ಲಿ ಎಂತ. ನಾಟಕದಲ್ಲಾದರೆ ಇಬ್ಬರೂ ಒಂದೇ ಗುಡಿಸಲಲ್ಲಿ ಗಂಡ ಹೆಂಡತಿಯಾಗಿ ಕೂರಬಹುದಿತ್ತು. ರಿಹರ್ಸಲಿನಲ್ಲಿ ಖಾಲಿ ಮಡಕೆಯ ಮುಂದೆ ಕೂತು, ಊರಲ್ಲಿ ಬಿಟ್ಟುಬಂದ ಮಗಳ ವಿಷಯ ಪಿಸುಗುಟ್ಟುತ್ತಿದ್ದರು.

ಪರದೆ ಏಳಲು ಇನ್ನೂ ಸ್ವಲ್ಪ ಹೊತ್ತಿತ್ತು. ಯಶ್ಮಿತಾ ಒಳಗೆ ಬಂದಳು. ರಾಣಿಯ ವೇಷ, ಬರಿಗೈ.

"ನನ್ನ ಚಿನ್ನದ ಕಡಗ ಇಲ್ಲ. ಬಾಗಿಲು ಹಾಕಿ."

ಗೋಣಿ ಅಂಗಿಗಳನ್ನು ಕೊಡವಿಸಿದರು. ಆಲ್ಫೋನ್ಸ್ ಎಂಬ ವಯಸ್ಸಾದ ಲೋಡರ್ ಯಾರೂ ಹೇಳದೆಯೇ ಎರಡೂ ಕೈ ಎತ್ತಿ ನಿಂತ. ರಾಜೀವಿಯನ್ನು ಯಶ್ಮಿತಾ ತಾನೇ ತಡವಿದಳು. ತುರುಬು ಬಿಚ್ಚಿಸಿ ಕೂದಲೊಳಗೆ ಬೆರಳಾಡಿಸಿದಳು.

"ಬೆಳಿಗ್ಗೆ ನನ್ನ ರೂಮು ಗುಡಿಸಿದ್ದು ನೀನೇ ಅಲ್ವಾ?"

"ದಿನಾ ನಾನೇ ಗುಡಿಸುದಲ್ವಾ ಮೇಡಂ."

"ಎದುರು ಮಾತಾಡ್ಬೇಡ. ಪೊಲೀಸಿಗೆ ಹೇಳಿದ್ರೆ ಖಲಾಸ್, ಗೊತ್ತುಂಟಲ್ಲ?"

ಯಶ್ಮಿತಾ ರಿತೇಶನನ್ನು ಕರೆಯಲು ಹೋದಳು. ಧರ್ಮಪಾಲ ಹೆಂಡತಿಯ ಹತ್ತಿರ ಸರಿದು ಸ್ವರ ತಗ್ಗಿಸಿದ.

"ಮಗಳಿಗೆ ಅಂತ ಎಲ್ಲಾದ್ರೂ... ತೆಗ್ದಿದ್ರೆ ಹೇಳು. ನಾನು ಮೆಲ್ಲ ಎಲ್ಲಿಯಾದ್ರೂ ಇಟ್ಟು ಬರ್ತೇನೆ."

ರಾಜೀವಿ ಅವನನ್ನೇ ನೋಡಿದಳು. ಬಿಚ್ಚಿದ ಕೂದಲನ್ನು ಕಟ್ಟಿಕೊಳ್ಳಲಿಲ್ಲ.

ಯಶ್ಮಿತಾ ರಿತೇಶನೊಂದಿಗೆ ಮರಳಿದ ಬೆನ್ನಿಗೇ ಅವಳ ಮಗಳು ನಿಖಿತಾ ಓಡಿಬಂದಳು. ಕೈಯಲ್ಲಿ ಕಡಗ.

"ಮಮ್ಮಿ, ಇಟ್ ವಾಸ್ ಇನ್ ದ ಕಾರ್! ಕ್ರೀಮ್ ಹಚ್ಚುವಾಗ ನೀನೇ ತೆಗ್ದದ್ದು."

ಯಶ್ಮಿತಾ ಕಡಗ ತೊಟ್ಟು ಕೈ ತಿರುಗಿಸಿ ನೋಡಿಕೊಂಡಳು. ರಿತೇಶ್ ಕಿರೀಟ ಸರಿಮಾಡಿಕೊಂಡ.

"ಸಿಕ್ಕಿತಲ್ಲ. ಯಲ್ಲಾ ಯಲ್ಲಾ, ಹೊರಡಿ, ಎಲ್ಲರೂ ಸ್ಟೇಜಿಗೆ!"

ರಾಜೀವಿ ಕದಲಲಿಲ್ಲ.

"ಮೇಡಂ ಒಂದು ಮಾತು ಹೇಳ್ಲಿ. ನಾವು ಕದೀಲಿಲ್ಲ ಅಂತ."

"ನಾಟಕ ಮುಗೀಲಿ. ಆಮೇಲೆ ನೋಡುವ," ಎಂದ ರಿತೇಶ್.

"ಹುಡುಕುವಾಗ ಆಮೇಲೆ ಅಂತ ಹೇಳ್ಲಿಲ್ಲ ನೀವು."

"ಹಾಲ್ ತುಂಬ ಜನ ಕೂತಿದ್ದಾರೆ. ನಿನ್ನ ವೀಸಾ ಯಾರ ಕೈಯಲ್ಲಿ, ನೆನಪುಂಟಾ?"

"ಉಂಟು."

ಅವಳು ನೆಲದ ಮೇಲೆ ಕೂತುಬಿಟ್ಟಳು.

ಆಲ್ಫೋನ್ಸನಿಗೆ ಮಂಡಿ ನೋವು. ಗೋಡೆ ಹಿಡಿದು, ನಿಧಾನವಾಗಿ ಅವಳ ಪಕ್ಕ ಕೂತ. ಆಮೇಲೆ ಕ್ಯಾಂಪಿನ ಕಾಸಿಂ. ಆಮೇಲೆ ಬಸ್ಸಿನಲ್ಲಿ ಬಂದವರೆಲ್ಲ ಕೂತರು. ರಿತೇಶ್ ಬೈದ, ಬೇಡಿಕೊಂಡ, ಮತ್ತೆ ಬೈದ. ಯಾರೂ ಏಳಲಿಲ್ಲ. ಯಶ್ಮಿತಾ ಕಡಗ ತಿರುಗಿಸುತ್ತ ನಿಂತಳೇ ಹೊರತು ಆ ಒಂದು ಮಾತು ಹೇಳಲಿಲ್ಲ. ಹೊರಗೆ ಮೈಕಿನಲ್ಲಿ ಯಾರೋ ಅರಸನ ಪ್ರಜೆಗಳನ್ನು ವೇದಿಕೆಗೆ ಸ್ವಾಗತಿಸುತ್ತಿದ್ದರು. ಪರದೆ ಎದ್ದ ಸದ್ದಾಯಿತು. ಖಾಲಿ ವೇದಿಕೆಗೆ ಜನ ಚಪ್ಪಾಳೆ ತಟ್ಟಿದರು.

ಧರ್ಮಪಾಲ ಹೆಂಡತಿಯ ಬಳಿ ಕೂರಲು ಬಂದ. ರಾಜೀವಿ ಸೆರಗು ಎಳೆದುಕೊಂಡಳು.

"ಆಚೆ ಕೂರಿ. ನೀವೂ ಕೇಳಿದ್ರಲ್ಲ, ತೆಗ್ದಿದ್ದೀಯಾ ಅಂತ."

ಅವನು ಬಾಗಿಲ ಬಳಿ ಹೋಗಿ ಒಬ್ಬನೇ ಕೂತ.