ಮಕ್ಕಳಿಲ್ಲದ ಮುತ್ತಜ್ಜ

ನಮ್ಮ ಬುರವೊ ಊರಿನಲ್ಲಿ ಮಗುವಿಗೆ ಮಾತು ಬಂದ ಕೂಡಲೇ ತಂದೆ, ತಾತ, ಮುತ್ತಾತ ಎಂದು ಮೇಲಕ್ಕೇರುತ್ತ ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಎಣಿಸಲು ಬಾರದವನನ್ನು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನ ತಮ್ಮ ಲಿಬಾನ್ ಇದರಲ್ಲಿ ಗಟ್ಟಿಗ. ನಮ್ಮಪ್ಪ ಎಲ್ಮಿ ಅವನ ಕಿವಿ ಹಿಂಡಿ ಕಲಿಸಿದ್ದನ್ನು ಕೇಳಿ ಕೇಳಿ ನನಗೂ ಬರುತ್ತಿತ್ತು. ಹೆಣ್ಣಾದ್ದರಿಂದ ನನ್ನನ್ನು ಯಾರೂ ಕೇಳುತ್ತಿರಲಿಲ್ಲ, ಅಷ್ಟೆ.

ಆ ಶುಕ್ರವಾರ ಲಿಬಾನನ ಹೆಂಡತಿ ಉಬಾ ಒಲೆಯ ಮುಂದೆ ಲಹೋಹ್ ದೋಸೆ ಹುಯ್ಯುತ್ತಿದ್ದಳು. ತುಂಬು ಬಸುರಿ. ಅವಳ ಚಿಕ್ಕಪ್ಪ ಜಿರ್ದೆ ಮುದುಕನೊಬ್ಬನನ್ನು ಕರೆತಂದ. ಪೂರ್ವದ ಸೀಮೆಯವನು, ಲಿಬಾನನ ಕುಲದವನೇ ಎಂದು ಜಿರ್ದೆಗೆ ಖುಷಿಯೋ ಖುಷಿ.

"ಎಣಿಸು ಮಗ, ನಾವಿಬ್ರೂ ಎಲ್ಲಿ ಸೇರ್ತೀವಿ ನೋಡೋಣ" ಎಂದ ಮುದುಕ.

ಲಿಬಾನ್ ಎಣಿಸಿದ. ಹರ್ಸಿ ಎಂಬ ಹೆಸರು ಬಂದಾಗ ಮುದುಕ ಚಹಾದ ಲೋಟ ಕೆಳಗಿಟ್ಟ.

"ಹರ್ಸಿಗೆ ಮಕ್ಕಳೇ ಇರ್ಲಿಲ್ವಲ್ಲಪ್ಪ. ಅವನ ಒಂಟೆಗಳೆಲ್ಲ ನಮ್ಮ ಮುತ್ತಾತಂಗೆ ಬಂದ್ವು. ನೀನೆಲ್ಲಿಂದ ಬಂದೆ?"

ಅಪ್ಪನ ಮುಖ ನೋಡಿದೆ. ಮುದುಕ ಹೇಳಿದ್ದು ನಿಜವೆಂದು ತಿಳಿಯಿತು.

ಅತಿಥಿಗಳು ಹೋದ ಮೇಲೆ ಅಪ್ಪ ಬಾಯಿಬಿಟ್ಟ. ತಾತ ಫಾರಹ್ ಕಮ್ಮಾರರವನು. ನಮ್ಮಲ್ಲಿ ಕಬ್ಬಿಣ ಬಡಿಯುವವರಿಗೆ ಯಾರೂ ಹೆಣ್ಣು ಕೊಡುವುದಿಲ್ಲ, ಅವರಿಂದ ತರುವುದೂ ಇಲ್ಲ. ಪೂರ್ವದಿಂದ ಬುರವೊಗೆ ಬಂದಾಗ ತಾತ ಸುತ್ತಿಗೆ ಮರಳಲ್ಲಿ ಹೂತು, ದೊಡ್ಡ ಕುಲವೊಂದಕ್ಕೆ ತಾನೂ ಸೇರಿದವನೆಂದು ಹೇಳಿಕೊಂಡ. ಹೆಸರಾಂತ ಹರ್ಸಿಯನ್ನು ತನ್ನ ಅಜ್ಜನೆಂದ. ಅವನಿಗೆ ಮಕ್ಕಳಿರಲಿಲ್ಲವೆಂಬುದನ್ನು ಆ ಬಡಪಾಯಿಗೆ ಯಾರೂ ಹೇಳಿರಲಿಲ್ಲ.

ಮರುದಿನ ಜಿರ್ದೆ ಉಬಾಳ ಅಣ್ಣಂದಿರೊಂದಿಗೆ ಬಂದ. ದೊಡ್ಡಣ್ಣ ಗೆಡಿಯ ಕೈಯಲ್ಲಿ ದೊಣ್ಣೆಯಿತ್ತು.

"ತಲಾಖ್ ಹೇಳೋ, ಕಮ್ಮಾರ."

"ಇದೇ ಮನೇಲಿ ಉಂಡಿದೀರಿ" ಎಂದೆ ನಾನು. "ಮಸೀದೀಲಿ ಇವನ ಭುಜಕ್ಕೆ ಭುಜ ತಾಗಿಸಿ ನಿಂತಿದೀರಿ. ನಿನ್ನೆ ಒಳ್ಳೆಯವನಾಗಿದ್ದ, ಇವತ್ತೇನಾಯ್ತು?"

"ಇವತ್ತೂ ಒಳ್ಳೆಯವನೇ, ಸಾದೊ" ಎಂದ ಜಿರ್ದೆ, ಬಹಳ ಮೆತ್ತಗೆ. "ಮಸೀದಿ ಬೇರೆ, ಮದುವೆ ಬೇರೆ ಕಣಮ್ಮ. ನಾನು ಸುಮ್ನಿದ್ರೆ ನಾಳೆ ನನ್ನ ಹೆಣ್ಣುಮಕ್ಕಳನ್ನ ಯಾರು ಕೇಳ್ತಾರೆ?"

"ಹೇಳ್ಬೇಡ" ಎಂದಳು ಉಬಾ ಗಂಡನಿಗೆ. "ಹೊಡೆದ್ರೆ ಹೊಡೀಲಿ. ನಾನು ನಿನ್ನನ್ನ ನೋಡಿ ಬಂದೋಳು, ಸತ್ತೋರ ಹೆಸರು ಕೇಳಿ ಅಲ್ಲ."

"ಹೇಳಿಬಿಡೋ ಮಗ, ಜೀವ ಉಳೀಲಿ" ಎಂದು ಅಪ್ಪ ಕೈಮುಗಿದ. ಗೆಡಿ ದೊಣ್ಣೆ ಎತ್ತಿದ. ಲಿಬಾನ್ ನೆಲ ನೋಡುತ್ತ ಮೂರು ಸಲ ಹೇಳಿದ.

ಉಬಾಳನ್ನು ರಟ್ಟೆ ಹಿಡಿದು ಕಾರಿಗೆ ಹತ್ತಿಸಿದರು. ನನಗೆ ಅಳು ಬರಲಿಲ್ಲ. ಒಲೆಯ ಮೇಲೆ ಹಾಲಿತ್ತು, ಇಳಿಸಿದೆ. ಲಿಬಾನ್ ಅಂದಿನಿಂದ ಅಂಗಡಿಗೆ ಹೋಗುತ್ತಾನೆ, ಬರುತ್ತಾನೆ, ತಟ್ಟೆಗೆ ಹಾಕಿದ್ದನ್ನು ಉಣ್ಣುತ್ತಾನೆ. ಉಪ್ಪು ಮರೆತರೂ ಅವನಿಗೆ ತಿಳಿಯುವುದಿಲ್ಲ.

ಮಗು ಹಾಲು ಬಿಡುವ ಮೊದಲೇ ಗೆಡಿ ಅದನ್ನು ತಂದು ನನ್ನ ಕೈಗೆ ಹಾಕಿದ. ಹೆಣ್ಣುಮಗು.

"ನಿಮ್ಮದು ನಿಮಗೆ. ಉಬಾಗೆ ಬೇರೆ ಗಂಡು ಗೊತ್ತಾಗಿದೆ."

ಹಸಿದ ಮಗು ಚೀರುತ್ತಿತ್ತು. ಆಡಿನ ಹಾಲು ಬಟ್ಟೆಯಲ್ಲಿ ಅದ್ದಿ ಚೀಪಿಸಿದೆ. ಅಪ್ಪ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿವಿಯಲ್ಲಿ ಶುರುಮಾಡಿದ: ಲಿಬಾನ್, ಎಲ್ಮಿ, ಫಾರಹ್... ಮುಂದಿನದು ಅದೇ ಎರವಲು ಪಟ್ಟಿ. ಇಷ್ಟಾದ ಮೇಲೂ! ನನಗೆ ಮೈಯೆಲ್ಲ ಉರಿಯಿತು.

"ನಿಲ್ಸಪ್ಪ. ಫಾರಹನ ಅಪ್ಪ ಯಾರು? ನಿಜ ಹೇಳು."

"ಬೇಡ ಕಣೆ. ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ?"

"ಸುಳ್ಳು ಹೇಳಿ ಮದುವೆ ಮಾಡಿದ್ದಾಯ್ತಲ್ಲ. ಇವಳ ತಾಯಿ ಎಲ್ಲಿ?"

ಅಪ್ಪ ಮಗುವಿನ ಹೊದಿಕೆ ಸರಿಮಾಡಿದ. "ಶಿರೆ ಅಂತ" ಎಂದ ಕೊನೆಗೆ. "ಈಟಿ ಮಾಡ್ತಿದ್ದನಂತೆ. ಅಲ್ಲಿಂದಾಚೆ ನನಗೂ ಗೊತ್ತಿಲ್ಲ."

ಮಗುವನ್ನೆತ್ತಿಕೊಂಡು ಬೀದಿಬಾಗಿಲಿಗೆ ಬಂದೆ.

"ಕಮ್ಮಾರ ಶಿರೆಯ ಮಗ ಫಾರಹ್, ಅವನ ಮಗ ಎಲ್ಮಿ, ಅವನ ಮಗ ಲಿಬಾನ್, ಅವನ ಮಗಳು ಇವಳು!"

ಎದುರುಮನೆಯವರು ಬಾಗಿಲು ಹಾಕಿಕೊಂಡರು. ಒಳಗೆ ಕೇಳಿಸದೆ ಹೋದೀತೆಂದು ಇನ್ನಷ್ಟು ಗಟ್ಟಿಯಾಗಿ ಮತ್ತೊಮ್ಮೆ ಹೇಳಿದೆ.