ಅರ್ಧ ಚಮಚ

ಹಳದಿ, ಮೇಜಿನ ಈ ತುದಿಯಿಂದ ಆ ತುದಿಯವರೆಗೂ ಹಳದಿ, ಅಂಗಡಿಯಲ್ಲಿ ಇಷ್ಟೊಂದು ಬಟ್ಟೆ ಇರುವಾಗ ಇವತ್ತೇ ಈ ಬಣ್ಣ ನನ್ನ ಕತ್ತರಿಗೆ ಸಿಗಬೇಕೇ, ಯಾರದೋ ಮಕ್ಕಳ ಕೋಣೆಯ ಪರದೆಗಂತೆ, ಎರಡು ಕಿಟಕಿ, ನಾಲ್ಕು ತುಂಡು, ಒಂದೊಂದೂ ಎರಡೂಕಾಲು ಮೀಟರ್, ಮೇಲೆ ನೆರಿಗೆಗೆ ಒಂದಿಷ್ಟು, ಕೆಳಗೆ ಮಡಿಸಿ ಹೊಲಿಯಲು ಒಂದಿಷ್ಟು, ಸೀಮೆಸುಣ್ಣ ಎಲ್ಲಿ ಹೋಯಿತು, ಕಿವಿಯ ಮೇಲೆ ಸಿಕ್ಕಿಸಿಕೊಂಡು ಮೇಜಿನ ಕೆಳಗೆ ಹುಡುಕುತ್ತಿದ್ದೇನೆ, ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು, ನಾಲ್ಕರೊಳಗೆ ಹೇಳು ಎಂದು ಇವರ ಮೆಸೇಜು, ಬೇಕರಿಯವ್ನು ಕಾಯ್ತಿದಾನೆ, ನಾಳೆ ಪಾರ್ಟಿಗೆ ತಿನ್ನೋಕೆ ಏನು ಅಂತ ಒಂದು ತೀರ್ಮಾನ ಮಾಡು, ನಂಗೇನೋ ಚಿಪ್ಸು ಬಿಸ್ಕತ್ತು ಸಾಕು ಅನ್ಸುತ್ತೆ, ಒಣಗಿದ್ದೇ ಇರ್ಲಿ, ಚಮಚದಲ್ಲಿ ತಿನ್ನೋಂಥದ್ದು ಯಾವ್ದೂ ಬೇಡ — ಯಾಕೆ ಬೇಡ ಎಂದು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ, ನಾಳೆ ಅತ್ತೆ ಬರುತ್ತಾರೆ, ಏಳು ತಿಂಗಳಾದ ಮೇಲೆ ಮೊದಲ ಸಲ ಮೊಮ್ಮಗಳ ಮುಖ ನೋಡಲು ಬರುತ್ತಾರೆ, ತಮ್ಮ ಹೆತ್ತ ತಾಯಿಯ ಕೈಗೆ ಚಮಚ ಸಿಗಬಾರದು, ಅಷ್ಟೇ ಇವರ ಯೋಚನೆ. ಗುಬ್ಬಿಗೆ ನಾಳೆ ನಾಲ್ಕು ತುಂಬುತ್ತದೆ, ಈ ನಾಲ್ಕು ವರ್ಷದಲ್ಲಿ ಅವಳು ಬಾಯಿಂದ ತಿಂದದ್ದೆಂದರೆ — ಬೇಡ, ಆ ಪುಟ್ಟ ನಾಲಿಗೆ ಈಗ ಬೇಡ, ಟೇಪು ಸರಿಯಾಗಿ ಹಿಡಿ, ಎರಡೂಕಾಲು, ಇಲ್ಲೊಂದು ಗೆರೆ.

ಹುಟ್ಟಿದಾಗಿನಿಂದ ಅವಳಿಗೆ ನುಂಗಲು ಬರುವುದಿಲ್ಲ, ಹೇಳುವುದಕ್ಕೆ ಇಷ್ಟೇ, ನಮಗೆಲ್ಲ ಯಾವಾಗಲೋ ಒಮ್ಮೆ ನೆತ್ತಿಗೆ ಹತ್ತುತ್ತದೆ, ಕೆಮ್ಮಿ ಕಣ್ಣೊರೆಸಿಕೊಂಡು ಮತ್ತೆ ತಟ್ಟೆಗೆ ಕೈ ಹಾಕುತ್ತೇವೆ, ಇವಳಿಗೆ ಬಾಯಿಗೆ ಹಾಕಿದ್ದೆಲ್ಲ ಶ್ವಾಸಕೋಶದ ದಾರಿ ಹಿಡಿಯುತ್ತದೆ, ಅದಕ್ಕೇ ಹೊಟ್ಟೆಯ ಮೇಲೆ ಕೋಟಿನ ಗುಂಡಿಯಷ್ಟಗಲದ ಮುಚ್ಚಳ, ಅದಕ್ಕೆ ಸಿಕ್ಕಿಸುವ ಸಣ್ಣ ಟ್ಯೂಬು, ದಿನಕ್ಕೆ ಐದು ಸಲ ಸಿರಿಂಜಿನಲ್ಲಿ ಪುಡಿ ಕಲಸಿದ ಹಾಲು, ಅಮ್ಮಾ ನನ್ ಹೊಟ್ಟೆಗೆ ಬಾಗ್ಲಿದೆ, ನಿಂಗಿಲ್ಲ ಅಲ್ವಾ, ಹೌದು ಗುಬ್ಬಿ ನಂಗಿಲ್ಲ, ಪಾಪ ಅಮ್ಮ. ನಾನೂ ಇವರೂ ನಮ್ಮ ಮನೆಯಲ್ಲೇ ಕಳ್ಳರಾಗಿ ನಾಲ್ಕು ವರ್ಷವಾಯಿತು, ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಬ್ರೆಡ್ಡು ತುರುಕಿಕೊಳ್ಳುತ್ತೇವೆ, ಕಚ್ಚುವ ಸದ್ದು ಕೇಳದಿರಲೆಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಸೇಬು ತಿಂದಿದ್ದೇನೆ, ಊರಿನವರಿಗೆಲ್ಲ ತಿನ್ನುವುದೇ ಮಾತು, ಏಟು ತಿನ್ನುತ್ತಾರೆ, ಲಂಚ ತಿನ್ನುತ್ತಾರೆ, ಒಬ್ಬರು ಇನ್ನೊಬ್ಬರ ತಲೆ ತಿನ್ನುತ್ತಾರೆ, ಕೆಲಸ ಕಷ್ಟವಾದರೆ ನುಂಗಲಾರದ ತುತ್ತು ಎಂದು ನಿಟ್ಟುಸಿರು ಬಿಡುತ್ತಾರೆ, ನನ್ನ ಮನೆಗೆ ಬಂದು ಹೇಳಲಿ ಆ ಮಾತನ್ನು. ಹೋದ ವರ್ಷ ಮೂರು ತುಂಬಿದಾಗ ಎಂಥ ಜಾಣತನ ಮಾಡಿದೆವು, ಕೇಕು ತಿಂಡಿಯನ್ನೆಲ್ಲ ಮಲಗುವ ಕೋಣೆಯಲ್ಲಿ ಬಚ್ಚಿಟ್ಟು ಬಂದ ಮಕ್ಕಳನ್ನು ಇಬ್ಬಿಬ್ಬರಂತೆ ಒಳಗೆ ಕಳಿಸಿದೆವು, ಡಾಕ್ಟರ ಹತ್ತಿರ ಕಳಿಸಿದ ಹಾಗೆ, ಬಾಗಿಲಲ್ಲಿ ಇವರು ಕಾವಲು, ಗುಬ್ಬಿ ಬಲೂನು ಹಿಡಿದು ಕೂತು ಹೋದವರನ್ನೂ ಬಂದವರನ್ನೂ ಎಣಿಸುತ್ತಿದ್ದಳು, ಪಕ್ಕದ ಮನೆಯ ಹುಡುಗಿ ಕೆನ್ನೆಗೆ ಕ್ರೀಮು ಮೆತ್ತಿಕೊಂಡು ಬಂದು, ನಾವೇನೂ ತಿಂದಿಲ್ಲ, ಎಂದು ಹೇಳಿಕೊಟ್ಟಿದ್ದನ್ನು ಹಾಗೇ ಒಪ್ಪಿಸಿದಳು, ಗುಬ್ಬಿ ಎದ್ದು ಹೋಗಿ ಆ ಕೆನ್ನೆಯನ್ನೇ ನೋಡುತ್ತ ನಿಂತಳು, ಅವಳ ಬಾಯಿ ಅಗಿಯುತ್ತಿತ್ತು, ಏನೂ ಇಲ್ಲದ ಬಾಯಿ ತನ್ನಷ್ಟಕ್ಕೆ ಅಗಿಯುತ್ತಿತ್ತು, ಅವತ್ತು ಸಂಜೆ ಉಳಿದ ಕೇಕನ್ನು ಹಾಗೇ ಡಬ್ಬದ ಸಮೇತ ಎಸೆದೆ.

ಏನಮ್ಮ, ಕತ್ತರಿ ಹಿಡ್ಕೊಂಡು ಕನಸು ಕಾಣ್ತಿದೀಯಾ, ಬಟ್ಟೆ ಕೊಡು, ನನ್ ಮಿಷಿನ್ನು ಹಸ್ಕೊಂಡು ಕೂತಿದೆ — ಹೊಲಿಯುವ ಅಕ್ಕ, ಅವರ ಬಾಯಿಗೆ ಬಿಡುವೇ ಇಲ್ಲ, ಕೊಟ್ಟೆ ಅಕ್ಕ, ಐದು ನಿಮಿಷ. ಮೂರೂ ಇಪ್ಪತ್ತೈದು. ಯೋಚಿಸು, ಏಳು ಮಕ್ಕಳು, ಅವರ ಜೊತೆ ಬರುವ ದೊಡ್ಡವರು, ಏನು ಕೊಡುವುದು, ಏನೂ ಕೊಡದೆ ಬಲೂನು ಹಿಡಿಸಿ ಕಳಿಸಿದರೂ ಆಗುತ್ತಿತ್ತು, ಆದರೆ ನುಂಗುವುದನ್ನು ಕಲಿಸುವ ಟೀಚರು ಬೇಡ ಎಂದಿದ್ದಾರೆ, ವಾರಕ್ಕೆರಡು ಸಲ ಬಂದು ಗುಬ್ಬಿಯ ಗಲ್ಲ ಹಿಡಿದು ಆ ಅನ್ನು ಆ ಅನ್ನು ಎನ್ನುತ್ತಾರೆ, ಅದಕ್ಕೇ ಅವರಿಗೆ ಆ-ಆಂಟಿ ಎಂದು ಹೆಸರಿಟ್ಟಿದ್ದಾಳೆ, ತಿನ್ನೋದನ್ನ ಅವಳಿಂದ ಮುಚ್ಚಿಡ್ಬೇಡಿ ಅಂತ ಎಷ್ಟು ಸಲ ಹೇಳ್ಲಿ, ನೀವು ಮುಚ್ಚಿಟ್ಟಷ್ಟೂ ಅದು ಅವಳಿಗೆ ದೊಡ್ಡದಾಗುತ್ತೆ, ಅವಳಿಗೆ ತಿನ್ನೋಕಾಗಲ್ಲ ನಿಜ, ಬಡಿಸೋಕಾಗುತ್ತಲ್ಲ, ಈ ಸಲ ಅವಳ ಕೈಲೇ ಎಲ್ರಿಗೂ ಹಾಕ್ಸಿ, ಅವಳೇ ಯಜಮಾನಿ ಆಗ್ಲಿ. ನಿಜವೇ, ದಿನಾ ಗೊಂಬೆಗಳನ್ನು ಸಾಲಾಗಿ ಕೂರಿಸಿ ಖಾಲಿ ಚಮಚದಲ್ಲಿ ಉಣಿಸುತ್ತಾಳೆ, ಆನೆಗೆ ಬಿಸಿಯಾದೀತೆಂದು ಊದುತ್ತಾಳೆ, ಕರಡಿ ಹಟ ಮಾಡಿದರೆ ಗದರುತ್ತಾಳೆ, ನಿನ್ ಹೊಟ್ಟೆಗೆ ಬಾಗ್ಲಿಲ್ಲ ಕಣೋ ಬಾಯಲ್ಲೇ ತಿನ್ಬೇಕು, ಉಣಿಸುವಾಗ ಅವಳ ನಾಲಿಗೆಯೂ ಒಂದಿಷ್ಟು ಹೊರಗೆ — ಹಾಗಾದರೆ ಅವಳ ಕೈಗೆ ಸಿಗುವಂಥದ್ದು ಏನು, ಚಿಪ್ಸನ್ನು ಯಾರು ಚಮಚದಲ್ಲಿ ಬಡಿಸುತ್ತಾರೆ, ಸೂಪು ಚೆಲ್ಲಿ ಮೈಮೇಲೆ ಬೀಳುತ್ತದೆ, ಐಸ್‌ಕ್ರೀಮು ಅಗೆಯಲು ಅವಳ ಮಣಿಕಟ್ಟಿನಲ್ಲಿ ಬಲವಿಲ್ಲ, ಜೆಲ್ಲಿ ಜಾರಿ ಹೋಗುತ್ತದೆ, ಹಣ್ಣಿನ ತುಂಡನ್ನು ಅವಳು ಕದ್ದು ಬಾಯಿಗೆ ಹಾಕಿಕೊಂಡರೆ ನನ್ನ ಎದೆ ಅಲ್ಲೇ ನಿಲ್ಲುತ್ತದೆ, ಚಮಚದ ಮೇಲೆ ನಿಲ್ಲುವಂಥದ್ದು, ಓರೆ ಮಾಡಿದರೆ ಮೆಲ್ಲಗೆ ಬಟ್ಟಲಿಗೆ ಇಳಿಯುವಂಥದ್ದು, ಸುಡದೆ ಇರುವಂಥದ್ದು, ಎಷ್ಟು ಸುತ್ತಿ ಬಂದರೂ ಒಂದೇ ಕಡೆಗೆ ಬರುತ್ತೇನೆ, ನಿನ್ನೆಯಿಂದ ಇದೇ, ಕಸ್ಟರ್ಡ್. ಪ್ರಪಂಚದಲ್ಲಿ ಇಷ್ಟೊಂದು ತಿನಿಸುಗಳಿರುವಾಗ ಅದೊಂದೇ ಆಗಬೇಕೇ. ಕಸ್ಟರ್ಡ್ ಎಂದು ನಾನು ಬರೆದರೆ ಇವರು ಸಿಡಿದುಬೀಳುತ್ತಾರೆ, ತಲೆ ನೆಟ್ಟಗಿದ್ಯಾ ನಿಂಗೆ, ಅಮ್ಮ ಬರ್ತಿರೋ ದಿನ ಕಸ್ಟರ್ಡಾ, ಮತ್ತೆ ಕೊಡ್ಲಿ ಅಂತಲಾ, ಆಗ ನಾನು ಏನು ಹೇಳುವುದು, ಅತ್ತೆ ಕೊಡುವುದಿಲ್ಲ ಎಂದೇ, ಹೇಗೆ ಗೊತ್ತು ಎಂದರೆ — ಅವತ್ತೂ ಅವರು ಕೊಟ್ಟಿರಲಿಲ್ಲ.

ಅವತ್ತು ಭಾನುವಾರ, ಮಗನಿಗೆ ಇಷ್ಟವೆಂದು ಅತ್ತೆ ಬೆಳಿಗ್ಗೆಯೇ ಮಾಡಿ ತಣಿಯಲು ಇಟ್ಟಿದ್ದರು, ಮನೆಯೆಲ್ಲ ಘಮಘಮ, ಮಗು ಆಸೆ ಪಡ್ತಿದೆ ಕಣೋ, ಒಂಚೂರು ನಾಲ್ಗೆಗೆ ತಾಗ್ಸಿದ್ರೆ ಏನಾಗುತ್ತೆ ಎಂದರು ಅಷ್ಟೇ, ಇವರು ರೇಗಿದರು, ಎಲ್ಲೋ ಲಿಫ್ಟು ನಿಂತಿದೆಯೆಂದು ಫೋನು ಬಂತು, ಇವರು ಸಲಕರಣೆಯ ಚೀಲ ಹೆಗಲಿಗೇರಿಸಿಕೊಂಡು ಹೋದರು, ಭಾನುವಾರವೇ ಕೆಡುತ್ತವೆ ಈ ಊರಿನ ಲಿಫ್ಟುಗಳು, ಅತ್ತೆ ಸ್ನಾನಕ್ಕೆ ಹೋದರು, ನಾನೂ ಗುಬ್ಬಿಯೂ, ನಡುವೆ ಒಂದು ಬಟ್ಟಲು. ಅಮ್ಮಾ, ಹಳದಿ ರುಚಿ ಹೇಗಿರುತ್ತೆ. ಸಿಹಿ ಗುಬ್ಬಿ. ಸಿಹಿ ಅಂದ್ರೆ ಹೇಗೆ. ಸಿಹಿ ಅಂದ್ರೆ — ಸಿಹಿಯೆಂದರೆ ಹೇಗೆ, ಯಾರಾದರೂ ನನಗೆ ಹೇಳಿಕೊಡಲಿ, ಮೃದು ಎನ್ನಲೇ, ಬಿಸಿಲು ಎನ್ನಲೇ, ಮೂರು ವರ್ಷದ ಮಗು ಬಾಯಿ ತೆರೆದು ನನ್ನ ಮುಖ ನೋಡುತ್ತಾ ಕಾಯುತ್ತಿದೆ, ಹೇಳಲು ನನಗೆ ಬರಲಿಲ್ಲ, ಅದಕ್ಕೇ ಕೊಟ್ಟೆ, ಅರ್ಧ ಚಮಚ, ಅರ್ಧವೇ ಅರ್ಧ ಚಮಚ. ಕೆಮ್ಮಲಿಲ್ಲ ಅವಳು, ಒಮ್ಮೆಯೂ ಕೆಮ್ಮಲಿಲ್ಲ, ಕಣ್ಣು ಮುಚ್ಚಿಕೊಂಡಳು, ಆಮೇಲೆ ಆ ಪುಟ್ಟ ನಾಲಿಗೆ ಹೊರಗೆ ಬಂತು — ಬಟ್ಟಲು ತೊಳೆದು ಒರೆಸಿ ಶೆಲ್ಫಿನಲ್ಲಿಟ್ಟೆ, ಅವಳ ಬಾಯಿ ಒರೆಸಿದೆ, ಅಂಗಿಯ ಕಾಲರು ನೋಡಲಿಲ್ಲ. ಸಂಜೆಗೆ ಮೈ ಕೆಂಡ, ಉಸಿರಾಡಿದರೆ ಪಕ್ಕೆಲುಬು ಒಳಕ್ಕೆ ಹೋಗುತ್ತಿತ್ತು, ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, ಬಾಯಿಗೆ ಏನಾದ್ರೂ ಕೊಟ್ರಾ, ಇವರು ನನ್ನ ಕಡೆ ನೋಡಲೇ ಇಲ್ಲ, ನೆಟ್ಟಗೆ ತಮ್ಮ ಅಮ್ಮನ ಕಡೆ ತಿರುಗಿದರು, ಅತ್ತೆ ಗುಬ್ಬಿಯ ಕಾಲರಿನ ಮೇಲೆ ಒಣಗಿದ ಹಳದಿ ನೋಡಿದರು, ನನ್ನನ್ನು ನೋಡಿದರು, ನಾನು ಹೇಳಬೇಕಿತ್ತು, ಬಾಯಿ ತೆರೆದೆ, ನಾಲಿಗೆ ಹೊರಳಲಿಲ್ಲ, ಅಷ್ಟರಲ್ಲಿ ಅವರೇ, ನಾನೇ ಕಣಪ್ಪ, ಅರ್ಧ ಚಮಚ, ಎಂದುಬಿಟ್ಟರು. ಅರ್ಧ ಚಮಚಕ್ಕೆ ಇಷ್ಟಾಗ್ಬಾರ್ದಿತ್ತಲ್ಲ ಎಂದು ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು. ಹನ್ನೊಂದು ದಿನ. ಹೊರಗೆ ವರಾಂಡದ ಬೆಂಚಿನಲ್ಲಿ ನಾನು ಅವರ ಕೈ ಹಿಡಿದುಕೊಂಡು ಅತ್ತೆ ಯಾಕೆ ಹಾಗಂದ್ರಿ ಎಂದರೆ, ನನ್ನನ್ನ ಆಚೆ ಹಾಕಿದ್ರೆ ನಡೆಯುತ್ತಮ್ಮ, ನಿನ್ನನ್ನ ಹಾಕಿದ್ರೆ ನಡೆಯಲ್ಲ, ಮಗು ಹತ್ರ ಯಾರಾದ್ರೂ ಇರ್ಬೇಕಲ್ಲ. ಇವರು ನಿಜವಾಗಿಯೂ ಆಚೆ ಹಾಕಿದರು, ಆಸ್ಪತ್ರೆಯಿಂದ, ಮನೆಯಿಂದ, ಫೋನಿನಿಂದ, ಸ್ವಂತ ತಾಯಿಯನ್ನು, ನಾನು ಪಕ್ಕದಲ್ಲೇ ನಿಂತು ನೋಡಿದೆ, ಮೊದಲ ವಾರ ಮಗು ಹುಷಾರಾಗಲಿ ಆಮೇಲೆ ಹೇಳೋಣ ಎಂದುಕೊಂಡೆ, ಆಮೇಲೆ ಮನೆಗೆ ಬರಲಿ, ಆಮೇಲೆ ಇವರ ಸಿಟ್ಟು ಇಳಿಯಲಿ, ಏಳು ತಿಂಗಳು ಹೀಗೇ ದಾಟಿತು, ನಾಚಿಕೆಯಾಗುತ್ತದೆ ನನಗೆ, ಅವರ ದನಿ ಕೇಳಿದರೆ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಅವರೇ ಫೋನು ಮಾಡಿದ್ದರು, ಬರಿಗೈಲಿ ಬಾ ಅಂದಿದಾನೆ ಅವ್ನು, ಬರಿಗೈಲೇ ಬರ್ತೀನಿ ಬಿಡು, ಒಂದು ಟೋಪಿ ಹೆಣೆದಿದೀನಿ, ಅದನ್ನ ತರಬಹುದಾ ಅಂತ ಕೇಳಿ ಹೇಳ್ತೀಯಾ, ಟೋಪಿ ತರಲು ಅನುಮತಿ ಕೇಳುತ್ತಾರೆ, ಗುಬ್ಬಿಗೆ ನನ್ನ ಗುರುತು ಸಿಗುತ್ತೇನೇ, ಸಿಗುತ್ತೆ ಅತ್ತೆ, ಅಡುಗೆಮನೆ ಕಡೆ ನಾನು ಹೋಗಲ್ಲಮ್ಮ, ಬಾಗ್ಲ ಹತ್ರ ಕುರ್ಚಿ ಹಾಕು, ಅಲ್ಲೇ ಕೂತಿರ್ತೀನಿ, ಇವರಿಗೆ ನಾನೇ ಹೇಳಿಬಿಡ್ತೀನಿ ಅತ್ತೆ, ಆದದ್ದು ಆಯ್ತು ಈಗ ಯಾಕೆ ಕೆದಕ್ತೀಯಾ, ಮಗು ಹುಟ್ಟುಹಬ್ಬದ ದಿನ, ಫೋನು ಇಟ್ಟುಬಿಟ್ಟರು. ಬಾಗಿಲ ಹತ್ತಿರದ ಕುರ್ಚಿ ಕಾಣುತ್ತಿದೆ ನನಗೆ, ಮಡಿಲಲ್ಲಿ ಟೋಪಿ, ಎಲ್ಲರ ಕೈಯಲ್ಲೂ ಒಣ ಬಿಸ್ಕತ್ತು, ಇವರ ಕಣ್ಣು ಆ ಕುರ್ಚಿಯ ಮೇಲೆ, ಚಿಪ್ಸು ಎಂದು ಎರಡಕ್ಷರ ಬರೆದರೆ ಮುಗಿಯಿತು, ನಾಳೆ ಮುಗಿದೇ ಹೋಗುತ್ತದೆ, ಯಾರಿಗೂ ಏನೂ — ಅಯ್ಯೋ ಇದೇನು, ಕತ್ತರಿ ಯಾವ ಗೆರೆಯ ಮೇಲೆ ಹೋಗುತ್ತಿದೆ, ಕತ್ತರಿಸುವ ಗೆರೆಯಲ್ಲ, ಮಡಿಸುವ ಗೆರೆ, ಒಂದು ಗೇಣು ಗಿಡ್ಡವಾಯಿತು, ಅಕ್ಕ ಎದ್ದು ಬಂದರು, ಹೋಗ್ಲಿ ಬಿಡು, ಅಂಚಿಗೆ ಬೇರೆ ಪಟ್ಟಿ ಸೇರ್ಸಿ ಹೊಲಿಯೋಣ, ಅಂಗಡಿ ಯಜಮಾನ್ರಿಗೆ ಬಟ್ಟೇನೇ ಹಾಗಿತ್ತು ಅಂತ ಹೇಳ್ತೀನಿ, ನೀನು ಸುಮ್ನಿರು. ಬೇಡ ಅಕ್ಕ. ನಾನೇ ಕತ್ತರಿಸಿದ್ದು ಅಂತ ನಾನೇ ಹೇಳ್ತೀನಿ, ಎಂದೆ, ಅಕ್ಕ ಹುಬ್ಬೇರಿಸಿದರು, ಒಂದು ಗೇಣು ಬಟ್ಟೆಗೆ ಅಳ್ತಾರೇನೇ, ನಾನು ಅಳುತ್ತಿದ್ದೇನೆಯೇ. ಮೂರೂ ಐವತ್ತು. ಫೋನು ತೆಗೆದೆ, ಬೆರಳಿಗೆಲ್ಲ ಸೀಮೆಸುಣ್ಣ, ಕಸ್ಟರ್ಡ್ ಇರ್ಲಿ, ಅತ್ತೇನೇ ಬಂದು ಮಾಡ್ಲಿ, ಗುಬ್ಬಿ ಬಡಿಸ್ಲಿ, ಅವತ್ತು ಕೊಟ್ಟಿದ್ದು ಅವರಲ್ಲ ನಾನು, ಎಂದು ಬರೆದೆ, ಓದಲಿಲ್ಲ, ಮತ್ತೊಮ್ಮೆ ಓದಿದರೆ ಅಳಿಸುತ್ತೇನೆ, ಕಳಿಸಿದೆ. ಹೋಯಿತು. ನೋಡಿದರು. ಇವತ್ತು ಮನೆಯಲ್ಲಿ ಇವರ ಸರದಿ, ಈಗ ಮೂರನೆಯ ಸಿರಿಂಜಿನ ಹೊತ್ತು, ಒಂದು ಕೈಯಲ್ಲಿ ಟ್ಯೂಬು ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಓದುತ್ತಿರಬೇಕು, ಗುಬ್ಬಿ ಅವರ ಮುಖ ನೋಡುತ್ತಿರಬೇಕು, ಬರೆಯುತ್ತಿದ್ದಾರೆ, ನಿಲ್ಲಿಸಿದರು, ಮತ್ತೆ ಬರೆಯುತ್ತಿದ್ದಾರೆ, ಬೈಯಲಿ, ಮನೆ ಬಿಟ್ಟು ಹೋಗು ಎನ್ನಲಿ, ಬಂತು, ಒಂದೇ ಮಾತು.

ಎಷ್ಟು?

ಅರ್ಧ ಚಮಚ, ಎಂದು ಬೆರಳು ತಾನಾಗಿಯೇ ಒತ್ತುತ್ತಿದೆ, ಆದರೆ ಅರ್ಧ ಚಮಚ ಅತ್ತೆಯ ಅಳತೆ, ಖಾಲಿಯಾದ ಬಟ್ಟಲನ್ನು ಅವರು ನೋಡಿರಲಿಲ್ಲ, ಕಾಲರಿನ ಮೇಲಿನ ಒಂದು ಹನಿ ನೋಡಿ ಅವರಿಗೆ ತೋಚಿದ ಅಳತೆ ಅದು, ಏಳು ತಿಂಗಳಿಂದ ಅದನ್ನೇ ಹಿಡಿದುಕೊಂಡು ಕೂತಿದ್ದೇನೆ, ನನಗೆ ನಾನೇ ಅಷ್ಟೇ ಎಂದು ಹೇಳಿಕೊಂಡಿದ್ದೇನೆ, ಕೆಮ್ಮಲಿಲ್ಲ ಅವಳು, ಒಮ್ಮೆಯೂ ಕೆಮ್ಮಲಿಲ್ಲ, ಬಚ್ಚಲಲ್ಲಿ ನೀರು ಬೀಳುವ ಸದ್ದು, ಕಣ್ಣು ತೆರೆದಳು, ನಕ್ಕಳು, ಅಮ್ಮಾ ಹಳದಿ ಎಂದಳು, ನಾನೂ ನಕ್ಕೆ, ಮತ್ತೊಂದು, ಕೆಮ್ಮಲಿಲ್ಲ, ಮತ್ತೊಂದು, ನನ್ನ ಮಗಳು ತಿನ್ನುತ್ತಿದ್ದಾಳೆ, ಎಲ್ಲರ ಮಕ್ಕಳ ಹಾಗೆ ನನ್ನ ಕೈಯಿಂದ ತಿನ್ನುತ್ತಿದ್ದಾಳೆ, ಅಷ್ಟು ಸುಖ ನನಗೆ ಯಾವತ್ತೂ ಆಗಿರಲಿಲ್ಲ, ಚಮಚ ಬಟ್ಟಲಿನ ತಳಕ್ಕೆ ತಾಗಿ ಸದ್ದಾಗುತ್ತಿತ್ತು, ಬಳಿದೆ, ಬಳಿದು ಕೊಟ್ಟೆ, ಆ ಪುಟ್ಟ ನಾಲಿಗೆ, ಹಳದಿ ಹಳದಿ, ಮತ್ತೆ ಹೊರಗೆ ಬಂತು