ಎಂಬತ್ತಕ್ಕೆ ಇಪ್ಪತ್ತೆಂಟು

ಹಾಲಿನ ಪುಡಿ ಕದಡುವಾಗ ಕೈ ನಿಲ್ಲಿಸಬಾರದು. ನಿಲ್ಲಿಸಿದರೆ ಗಂಟು ಕಟ್ಟುತ್ತದೆ, ತಳ ಹಿಡಿಯುತ್ತದೆ, ಮಕ್ಕಳು ಲೋಟ ಮೂಸಿ ನೋಡಿ ಹಾಗೇ ಕೆಳಗಿಡುತ್ತವೆ. ಆ ಮಂಗಳವಾರ ಬೆಳಿಗ್ಗೆ ನಾನು ಶಾಲೆಯ ಅಡುಗೆ ಕೋಣೆಯಲ್ಲಿ ದೊಡ್ಡ ಸೌಟು ತಿರುಗಿಸುತ್ತ ನಿಂತಿದ್ದಾಗ ಚೇತನಾ ಓಡಿ ಬಂದಳು. ನನ್ನ ಮಗಳು ಅನುಶ್ರೀಯ ಜೊತೆ ಹತ್ತನೇ ಕ್ಲಾಸಿನಲ್ಲಿ ಓದುವ ಹುಡುಗಿ ಅವಳು. ನಮ್ಮ ಹಾಗೆ ತ್ಯಾಗಲಿ ಕಡೆಯಿಂದಲೇ ಬಸ್ಸಿನಲ್ಲಿ ಸಿದ್ದಾಪುರಕ್ಕೆ ಬರುತ್ತಾಳೆ.

"ಚಿಕ್ಕಮ್ಮಾ, ಹೆಡ್ ಮೇಡಂ ಕರೀತಿದಾರೆ. ಈಗ್ಲೇ ಬರಬೇಕಂತೆ."

"ಹಾಲು ಒಲೆ ಮೇಲದೆ ಮಗಾ. ಎಂತಕ್ಕಂತೆ?"

"ಬೆಳಗಿನ ಸ್ಪೆಷಲ್ ಕ್ಲಾಸಲ್ಲಿ ಗಣಿತದ ಪೇಪರ್ ಕೊಟ್ರು." ಅವಳು ಉಸಿರು ಎಳೆದುಕೊಂಡಳು. "ನಂಗೆ ಮೂವತ್ತೊಂದು ಬಂತು. ಪಾಸು!"

ಮುಖ ಅರಳಿದ್ದು ಒಂದು ಕ್ಷಣ ಮಾತ್ರ. ಆಮೇಲೆ ಕೆಳಗೆ ನೋಡಿಕೊಂಡು ಹೇಳಿದಳು. "ಅನುಗೆ ಇಪ್ಪತ್ತೆಂಟು."

ತರಕಾರಿ ಹೆಚ್ಚುತ್ತಿದ್ದ ದ್ಯಾವಮ್ಮನ ಕೈ ನಿಂತಿತು. ಹನ್ನೆರಡು ವರ್ಷದಿಂದ ಇದೇ ಅಡುಗೆ ಕೋಣೆಯಲ್ಲಿರುವ ಹಿರಿಯಳು ಅವಳು, ಆರು ತಿಂಗಳ ಹಿಂದೆ ನನ್ನನ್ನು ಈ ಕೆಲಸಕ್ಕೆ ಹಚ್ಚಿದವಳೂ ಅವಳೇ.

"ಎಂಬತ್ತಕ್ಕಾ?"

"ಹೂಂ."

"ನಮ್ಮ ಅನುಗಾ? ಪೇಪರು ಅದಲುಬದಲಾಗಿರ್ತದೆ ಬಿಡೆ. ಹೋಗು ತಂಗಿ, ನೋಡ್ಕ ಬಾ." ಸೌಟು ನನ್ನ ಕೈಯಿಂದ ಕಿತ್ತುಕೊಂಡಳು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಮತ್ತೆ ಕೂಗಿದಳು. "ಅಲ್ಲಿ ಹೋಗಿ ಅಳೂಕೆ ಶುರು ಮಾಡಬೇಡ. ನೀ ಅತ್ರೆ ಅವರು ಗೆದ್ದಾಂಗೆ."

ಪೇಪರು ಅದಲುಬದಲಾಗಿಲ್ಲ ಎನ್ನುವುದು ನನಗೆ ಅಂಗಳದಲ್ಲೇ ಗೊತ್ತಾಗಿತ್ತು. ಯಾಕೆ ಗೊತ್ತಾಯಿತು ಎಂದು ಕೇಳಿದರೆ ಹೇಳಲಾರೆ. ಎರಡು ತಿಂಗಳಿಂದ ನನ್ನ ಮಗಳು ಮನೆಯಲ್ಲಿ ಎಲ್ಲದಕ್ಕೂ "ಎಂತ ಇಲ್ಲ" ಎನ್ನುತ್ತಿದ್ದಳು. ಗಂಜಿ ಬೇಕಾ ಎಂದರೂ, ತಲೆ ನೋವಾ ಎಂದರೂ, ಶಾಲೆಯಲ್ಲಿ ಇವತ್ತು ಎಂತ ಕಲಿಸಿದರು ಎಂದರೂ, ಎಂತ ಇಲ್ಲ.

ಹತ್ತನೇ ಕ್ಲಾಸಿನ ಗಣಿತ ಪುಸ್ತಕವನ್ನು ಅವಳು ಚೌತಿ ಹಬ್ಬದ ಹೊತ್ತಿಗೇ ಮುಗಿಸಿದ್ದಳು. ಒಬ್ಬಳೇ, ಅಡುಗೆ ಮನೆಯ ಮಣೆ ಮೇಲೆ ಕೂತು. ನಡುನಡುವೆ ತಲೆ ಎತ್ತಿ "ಅಮ್ಮಾ, ಇಲ್ನೋಡು" ಎನ್ನುತ್ತಿದ್ದಳು. ನನಗೆ ಅರ್ಥವಾಗುತ್ತಿರಲಿಲ್ಲ. ಆದರೂ ಕೈ ಒರೆಸಿಕೊಂಡು ನೋಡುತ್ತಿದ್ದೆ. ಅವಳ ಕ್ಲಾಸಿನಲ್ಲಿ ಇರುವುದು ನಲವತ್ತೊಂದು ಮಕ್ಕಳು. ಅವರಲ್ಲಿ ಹದಿನಾರು ಮಕ್ಕಳಿಗೆ ಕಳೆಯುವ ಲೆಕ್ಕವೇ ಸರಿಯಾಗಿ ಬರುವುದಿಲ್ಲ. ಪಬ್ಲಿಕ್ ಪರೀಕ್ಷೆಯಲ್ಲಿ ಒಬ್ಬರೂ ಫೇಲಾಗಬಾರದು ಎಂದು ಮೇಲಿನಿಂದ ಆದೇಶ. ಹಾಗಾಗಿ ಡಿಸೆಂಬರಿನಿಂದ ಗಣಿತದ ಪಿರಿಯಡ್‌ನಲ್ಲಿ ಪಾಸಿಂಗ್ ಪ್ಯಾಕೇಜು ಮಾತ್ರ. ಖಂಡಿತ ಬರುವ ಕೆಲವೇ ಪ್ರಶ್ನೆಗಳು: ಒಂದು ಗ್ರಾಫು, ಒಂದು ಪ್ರಮೇಯ, ಸ್ಪರ್ಶಕ ಎಳೆಯುವುದು, ಸರಾಸರಿ. ಅವನ್ನೇ ದಿನಾ ಬರೆಯಬೇಕು. ನಿನ್ನೆ ಬರೆದದ್ದನ್ನೇ ಇವತ್ತು, ಇವತ್ತು ಬರೆದದ್ದನ್ನೇ ನಾಳೆ. ಕ್ಲಾಸನ್ನು ಗುಂಪು ಮಾಡಿ ಪ್ರತಿ ಗುಂಪಿಗೂ ಒಬ್ಬ ಲೀಡರ್. ಅನುವೂ ಒಬ್ಬ ಲೀಡರ್; ಅವಳು ಹೇಳಿಕೊಡಬೇಕಾದವರು ಐದು ಜನ, ಚೇತನಾ ಅದರಲ್ಲೊಬ್ಬಳು.

ನಮ್ಮ ಶಾಲೆಯ ಅಂಗಳದಲ್ಲೇ ಪಿಯು ಕಾಲೇಜೂ ಇದೆ. ಅದರ ಮೂಲೆಯ ಕೋಣೆಯ ಕಿಟಕಿ ಕೆಳಗೆ ಒಂದು ನಲ್ಲಿ. ಅನು ದಿನಾ ಗಣಿತದ ಪಿರಿಯಡ್‌ನಲ್ಲಿ ಬಾಟಲಿ ಹಿಡಿದುಕೊಂಡು ಆ ನಲ್ಲಿಗೆ ಹೋಗುತ್ತಿದ್ದಳು. ಮೊದಲು ನೋಡಿದವಳು ದ್ಯಾವಮ್ಮ. "ನಿನ್ನ ಮಗಳಿಗೆ ಎಷ್ಟು ಬಾಯಾರ್ತದೆ ಮಾರಾಯ್ತಿ! ಬಾಟ್ಲಿ ತುಂಬ್ತದೆ, ದಾಸವಾಳದ ಬುಡಕ್ಕೆ ಹೊಯ್ತದೆ, ಮತ್ತೆ ತುಂಬ್ತದೆ. ಒಳಗೆ ಎಂತ ಪಾಠ ನಡೀತದೆ ಅಲ್ಲಿ?" ಒಳಗೆ ನಡೆಯುತ್ತಿದ್ದುದು ಪಿಯುಸಿ ಮೊದಲ ವರ್ಷದ ಗಣಿತ. ನಾನು ನಕ್ಕು ಸುಮ್ಮನಾಗಿದ್ದೆ. ನೀರು ತುಂಬುವುದಕ್ಕೆ ಯಾರು ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ.

ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟೆ.

"ಬನ್ನಿ," ಎಂದರು ದೇವಕಿ ಮೇಡಂ.

ಹೆಡ್ ಮೇಡಂ ಒಳ್ಳೆಯವರು, ಕೆಲಸಕ್ಕೆ ಸೇರಿದ ದಿನದಿಂದ ನನ್ನನ್ನು "ಬಾರೆ", "ಹೋಗೆ" ಎಂದೇ ಮಾತಾಡಿಸಿದವರು. ಸಾಂಬಾರಿಗೆ ಉಪ್ಪು ಹೆಚ್ಚಾದ ದಿನ ಕೂಡ "ಎಂತದೇ ಇದು, ಸಮುದ್ರದ ನೀರು ಹೊಯ್ದೆಯಾ?" ಎಂದು ಬೈದಿದ್ದರು. ಆ ಬೈಗುಳಕ್ಕೆ ನಾನು ಹೆದರಿರಲಿಲ್ಲ. ಇವತ್ತಿನ "ಬನ್ನಿ"ಗೆ ಹೆದರಿದೆ.

ಮೇಜಿನ ಪಕ್ಕದಲ್ಲಿ ಗಣಿತದ ಮಧುಕೇಶ್ವರ ಸರ್ ನಿಂತಿದ್ದರು. ಗೋಡೆಗೆ ಒರಗದೆ, ಒರಗುವಷ್ಟು ಹತ್ತಿರದಲ್ಲಿ ಅನು. ನನ್ನನ್ನು ನೋಡಿದಳು, ಕಣ್ಣು ತೆಗೆದಳು.

"ಓದಲಿಕ್ಕೆ ಬರ್ತದಲ್ಲ ನಿಮಗೆ? ನೋಡಿ," ಎಂದು ಮೇಡಂ ಉತ್ತರ ಪತ್ರಿಕೆಯನ್ನು ನನ್ನ ಕಡೆ ತಿರುಗಿಸಿದರು.

ಚೊಕ್ಕ ಅಕ್ಷರ. ಗ್ರಾಫು, ಪೂರ್ತಿ ಅಂಕ. ಪ್ರಮೇಯ, ಪೂರ್ತಿ ಅಂಕ. ಒಂದೇ ಒಂದು ತಪ್ಪಿಲ್ಲ. ಪ್ರತಿ ಉತ್ತರದ ಕೆಳಗೆ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಒಂದು ಸಂಖ್ಯೆ. ನಾಲ್ಕು. ಎಂಟು. ಹನ್ನೊಂದು. ಹದಿನಾಲ್ಕು. ಹೀಗೆ ಕೂಡಿಸುತ್ತ ಹೋಗಿ ಇಪ್ಪತ್ತೆಂಟಕ್ಕೆ ಅಡ್ಡ ಗೆರೆ ಎಳೆದಿದ್ದಳು. ಅದರಾಚೆಯ ಹಾಳೆಗಳೆಲ್ಲ ಬಿಳಿ.

"ಮೂರು ಗಂಟೆಯ ಪರೀಕ್ಷೆ," ಎಂದರು ಸರ್. "ಐವತ್ತು ನಿಮಿಷದಲ್ಲಿ ಇಷ್ಟು ಬರೆದು ಪೆನ್ನು ಮುಚ್ಚಿ ಕೂತಿದ್ದಾಳೆ. ಉಳಿದ ಹೊತ್ತೆಲ್ಲ ಕಿಟಕಿ ನೋಡ್ತಾ. ಪಾಸಾಗಲಿಕ್ಕೆ ಇಪ್ಪತ್ತೆಂಟು ಸಾಕು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ನನ್ನ ಪ್ಯಾಕೇಜಿನ ಪ್ರಶ್ನೆ ಮಾತ್ರ. ಇದು ಯಾರಿಗೆ ಮಾಡಿದ ತಮಾಷೆ, ನೀವೇ ಹೇಳಿ."

ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು.

"ಇಡೀ ತಾಲೂಕಿಗೆ ಹೆಸರು ತರ್ತಾಳೆ ಅಂತ ಹೇಳ್ತಾ ಬಂದಿದ್ದೆ ನಾನು," ಎಂದರು ಮೇಡಂ. "ಈಗ ಇದು. ಜೊತೆಗೆ ದಿನಾ ಕ್ಲಾಸು ಬಿಟ್ಟು ಪಿಯು ಕಿಟಕಿ ಹತ್ರ ನಿಲ್ಲೂದು. ನಿನ್ನೆ ಅಲ್ಲಿಯ ಲೆಕ್ಚರರೇ ಬಂದು ಹೇಳಿದ್ರು. ನಾಳೆ ಅಧಿಕಾರಿಗಳು ಬರ್ತಾರೆ, ಅವರೆದುರಿಗೂ ಹೀಗೇ ಮಾಡಿದ್ರೆ?" ಒಂದು ಬಿಳಿ ಹಾಳೆ, ಒಂದು ಪೆನ್ನು ನನ್ನ ಮುಂದಿಟ್ಟರು. "ಮುಚ್ಚಳಿಕೆ ಬರೆದುಕೊಡಿ. ಗಣಿತದ ಪಿರಿಯಡ್‌ನಲ್ಲಿ ಹೊರಗೆ ಹೋಗೂದಿಲ್ಲ, ಗುಂಪಿನ ಜವಾಬ್ದಾರಿ ಬಿಡೂದಿಲ್ಲ, ಇನ್ನು ಹೀಗೆ ಬರೆಯೂದಿಲ್ಲ ಅಂತ. ತಾಯಿ ಸಹಿ."

ನಾನು ಪೆನ್ನು ತೆಗೆದುಕೊಂಡೆ. ಹಾಲಿನ ಪುಡಿ ಅಂಟಿದ ಬೆರಳು, ಹಾಳೆಗೆ ತಾಗಿ ಗುರುತಾಯಿತು. ನಾನು ಸಹಿ ಹಾಕಿದರೆ ಆ ಕಿಟಕಿಯೂ ಹೋಯಿತು. ಅವಳಿಗೆ ಉಳಿಯುವುದು ಅದೇ ಗ್ರಾಫು, ಅದೇ ಪ್ರಮೇಯ, ಮಾರ್ಚ್ ಮುಗಿಯುವವರೆಗೆ. ಹಾಕದಿದ್ದರೆ ನನ್ನ ಕೆಲಸ. ವರ್ಷ ವರ್ಷ ನಮ್ಮನ್ನು ಮುಂದುವರಿಸುವ ಕಾಗದಕ್ಕೆ ರುಜು ಹಾಕುವವರು ಇದೇ ಮೇಡಂ.

ಸರ್ ಅನುವಿನ ಕಡೆ ತಿರುಗಿದರು. "ಕೊನೇ ಸಲ ಕೇಳ್ತೇನೆ. ಇಷ್ಟೇ ಬರಿ ಅಂತ ಯಾರು ಹೇಳಿದ್ದು ನಿಂಗೆ?"

ಅವಳು ಯೂನಿಫಾರ್ಮಿನ ತುದಿ ಮಡಚತೊಡಗಿದಳು.

"ನಾನು ಹೇಳಿದ್ನಾ?"

ತಲೆ ಅಲ್ಲಾಡಿಸಿದಳು. ಇಲ್ಲ.

"ಮತ್ತೆ ಯಾರು?"

ಅವಳು ನನ್ನನ್ನು ನೋಡಿದಳು. ಅರ್ಧ ಕ್ಷಣ. ಮತ್ತೆ ತುಟಿ ಒಳಗೆ ಎಳೆದುಕೊಂಡು ನೆಲ ನೋಡಿದಳು.

ಆಗ ನನಗೆ ನೆನಪಾಯಿತು. ದೀಪಾವಳಿಯ ಮುಂಚೆ ಒಂದು ದಿನ ಸರ್ ಅಡುಗೆ ಕೋಣೆಯ ಬಾಗಿಲಿಗೆ ಬಂದು ಮೆತ್ತಗೆ ಹೇಳಿದ್ದರು. "ಮಗಳಿಗೆ ಸ್ವಲ್ಪ ತಿಳಿಸಿ ಹೇಳಿ. ನಾನು ಬೋರ್ಡಿನ ಮೇಲೆ ಬರೆಯೂದಕ್ಕೂ ಮೊದ್ಲೇ ಉತ್ತರ ಹೇಳ್ತಾಳೆ, ನಂಗೆ ತಪ್ಪಾದ್ರೆ ಕೂತಲ್ಲಿಂದಲೇ ಕೂಗ್ತಾಳೆ. ಉಳಿದ ಮಕ್ಕಳು ನಗ್ತಾವೆ. ಕ್ಲಾಸು ನಡೀಬೇಕಲ್ಲ." ಅವತ್ತು ಸಂಜೆ ಒಣಗಿದ ಬಟ್ಟೆ ಮಡಚುತ್ತ ನಾನು ಅವಳಿಗೆ ಹೇಳಿದ್ದೆ. ಸಿಟ್ಟು ಮಾಡಿರಲಿಲ್ಲ, ತಲೆ ಸವರಿಯೇ ಹೇಳಿದ್ದೆ. ಸರ್ ಎಷ್ಟು ಹೇಳ್ತಾರೋ ಅಷ್ಟು ಮಾಡು ಮಗಾ. ಅದಕ್ಕಿಂತ ಒಂದು ಗೆರೆ ಹೆಚ್ಚಿಗೆ ಬೇಡ. ನಂಗೆ ಅನ್ನ ಕೊಡೂದು ಅದೇ ಶಾಲೆ, ನೆನಪಿಟ್ಕ.

"ಒಂದು ಗೆರೆನೂ ಬೇಡ್ವಾ?" ಎಂದು ಕೇಳಿದ್ದಳು.

"ಬೇಡ."

ಅವಳು ಮತ್ತೇನೂ ಕೇಳಲಿಲ್ಲ. ತನ್ನ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಗಳು ಮಾತು ಕೇಳಿದಳಲ್ಲ ಎಂದು ನನಗೆ ಅವತ್ತು ಸಮಾಧಾನವೇ ಆಗಿತ್ತು.

ಕೋಣೆಯಲ್ಲಿ ಫ್ಯಾನು ಟಕ್ ಟಕ್ ಎನ್ನುತ್ತಿತ್ತು. ಮಗಳು ನನ್ನ ಹೆಸರು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೊಡೆದರೂ ಹೇಳುವುದಿಲ್ಲ. ನನ್ನ ಕೆಲಸ ಕಾಯುತ್ತ ನಿಂತಿದ್ದಳು, ಹದಿನೈದು ವರ್ಷದ ಹುಡುಗಿ.

"ನಾನು ಹೇಳಿದ್ದು," ಎಂದೆ.

ಮೇಡಂ ತಲೆ ಎತ್ತಿದರು.

"ನಾನೇ ಹೇಳಿದ್ದು ಮೇಡಂ. ಸರ್ ಹೇಳಿದಷ್ಟೇ ಮಾಡು, ಒಂದು ಗೆರೆ ಹೆಚ್ಚಿಗೆ ಬೇಡ ಅಂತ. ನನ್ನ ಕೆಲಸಕ್ಕೆ ತೊಂದರೆ ಆಗ್ತದೆ ಅಂತ ಹೆದರಿ ಹೇಳಿದ್ದೆ. ಅವಳು ತಮಾಷೆ ಮಾಡ್ಲಿಲ್ಲ. ನನ್ನ ಮಾತು ನಡೆಸಿದ್ಲು."

"ಅಮ್ಮಾ, ಸುಮ್ನಿರು," ಎಂದಳು ಅನು. ಆ ಬೆಳಿಗ್ಗೆ ಅವಳ ಬಾಯಿಂದ ಬಂದ ಮೊದಲ ಮಾತು.

ಮಧುಕೇಶ್ವರ ಸರ್ ಕುರ್ಚಿ ಎಳೆದು ಕೂತರು. ಬಹಳ ಹೊತ್ತಿನಿಂದ ನಿಂತೇ ಇದ್ದವರು. "ದೂರು ಹೇಳಿದ್ದು ನಾನೇ ಅಲ್ವಾ," ಎಂದರು, ಯಾರಿಗೆ ಎಂದಿಲ್ಲದೆ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

"ಸರ್, ಈಗ ಅದೆಲ್ಲ ಬೇಡ," ಎಂದರು ಮೇಡಂ.

"ಅಲ್ಲ ಮೇಡಂ. ಯಲ್ಲಾಪುರದ ಕಡೆ ಇದ್ದಾಗ ನನ್ನ ಕ್ಲಾಸಲ್ಲಿ ಆರು ಮಕ್ಕಳು ಗಣಿತದಲ್ಲಿ ಹೋದ್ವು. ನೋಟಿಸ್ ಕೊಟ್ರು. ಎಲ್ಲರೆದುರು ನಿಲ್ಲಿಸಿ ಕೇಳಿದ್ರು. ಅದೇ ವರ್ಷ ಒಬ್ಬನಿಗೆ ನೂರಕ್ಕೆ ನೂರು ಬಂದಿತ್ತು. ಅವನ ಬಗ್ಗೆ ಒಬ್ರೂ ಕೇಳಲಿಲ್ಲ." ಕನ್ನಡಕ ಹಾಕಿಕೊಂಡು ಅನುವನ್ನು ನೋಡಿದರು. "ನಾನು ಶಿರಸಿಯಿಂದ ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೊರಡ್ತೇನೆ. ವಾಪಸ್ ಹೋಗೂದು ಏಳಕ್ಕೆ. ಈ ಹದಿನಾರು ಮಕ್ಕಳನ್ನ ದಾಟಿಸೂದ್ರಲ್ಲೇ ಮುಗೀತದೆ ನನ್ನ ಶಕ್ತಿ. ನಿಂಗೆ ಎಂತ ಬೇಕು ಅಂತ ನೋಡ್ಲಿಕ್ಕೆ ನಂಗೆ ಹೊತ್ತೆಲ್ಲಿ ಅದೆ, ಹೇಳು?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಚೇತನಾಳ ಮೂವತ್ತೊಂದು ಅವರು ಬಸ್ಸಿನಲ್ಲಿ ಕೂತು ತಿದ್ದಿದ ನೋಟ್‌ಬುಕ್ಕುಗಳಿಂದ ಬಂದದ್ದು. ಅದು ನನಗೂ ಗೊತ್ತಿತ್ತು.

ಮೇಡಂ ಹಾಳೆಯನ್ನು ನನ್ನ ಕಡೆ ಇನ್ನೊಂದು ಬೆರಳಷ್ಟು ಸರಿಸಿದರು. "ಬರೀರಿ. ಪ್ರಾರ್ಥನೆಗೆ ಹೊತ್ತಾಯ್ತು."

"ಬರೀತೇನೆ ಮೇಡಂ," ಎಂದೆ. "ನೀವು ಹೇಳಿದ್ರೆ ಸಹಿನೂ ಹಾಕ್ತೇನೆ. ಅದಕ್ಕೂ ಮೊದ್ಲು ಅವಳು ಒಂದು ಮಾತು ಆಡ್ಲಿ. ಎರಡು ತಿಂಗಳಾತು ಅವಳು ಬಾಯಿ ಬಿಟ್ಟು. ಅದನ್ನ ಮುಚ್ಚಿಸಿದವಳು ನಾನು, ನಾನೇ ಬಿಡಿಸ್ಬೇಕು."

ಪೆನ್ನು ಮೇಜಿನ ಮೇಲಿಟ್ಟೆ. ಬೆರಳಿಗಂಟಿದ ಪುಡಿಯನ್ನು ಸೆರಗಿಗೆ ಒರೆಸಿಕೊಂಡೆ.

"ಅನೂ, ಇಲ್ಲಿ ಬಾ."

ಬಂದಳು. ಅವಳ ಭುಜ ನನ್ನ ಭುಜಕ್ಕಿಂತ ಎತ್ತರವಾಗಿದ್ದು ನಾನು ಗಮನಿಸಿರಲಿಲ್ಲ.

"ನಾ ಹೇಳಿದ್ದು ತಪ್ಪು. ನನ್ನ ಕೆಲಸದ ವಿಚಾರ ನಂಗೆ ಬಿಡು. ನಿಂಗೆ ಎಂತ ಕೇಳಬೇಕೋ ಸರ್ ಹತ್ರ ಕೇಳು. ಜೋರಾಗಿ ಕೇಳು."

ಹೊರಗೆ ಪ್ರಾರ್ಥನೆಯ ಗಂಟೆ ಹೊಡೆಯಿತು. ಅಂಗಳದಲ್ಲಿ ಮಕ್ಕಳು ಸಾಲು ಮಾಡುವ ಸದ್ದು. ಮೇಡಂ ಎದ್ದು ನಿಂತರು, ಮತ್ತೆ ಏನು ತೋಚಿತೋ, ಹಾಗೇ ನಿಂತುಕೊಂಡರು. ಸರ್ ಗಲ್ಲಕ್ಕೆ ಕೈ ಕೊಟ್ಟು ಕಾಯುತ್ತಿದ್ದರು. ಅನು ಅವರ ಕಡೆ ತಿರುಗಿದಳು. ನಾನು ಅವಳ ಬೆನ್ನ ಮೇಲೆ ಕೈ ಇಡಲು ಹೋದೆ. ಬೇಡವೆಂದು ಹಿಂದಕ್ಕೆ ತೆಗೆದುಕೊಂಡೆ.

"ಸರ್," ಎಂದಳು. ಗಂಟಲು ಸರಿಮಾಡಿಕೊಂಡು ಇನ್ನೂ ಗಟ್ಟಿಯಾಗಿ, ಹೊರಗಿನ ಸಾಲಿಗೂ ಕೇಳಿಸುವ ಹಾಗೆ, ಮೊದಲಿನಿಂದ ಶುರು ಮಾಡಿದಳು.

"ಸರ್, ಚೇತನಾಗೆ ನಾನು ಹೇಳಿಕೊಡ್ತೇನೆ. ಅವರೈದೂ ಜನರಿಗೆ ಹೇಳಿಕೊಡ್ತೇನೆ, ಬಿಡೂದಿಲ್ಲ. ನಂಗೆ ಯಾರು ಹೇಳಿಕೊಡ್ತಾರೆ?"